ಗಾಜು ಒರೆಸುವ ಕೆಲಸ: ರೇಟು ಕಟ್ಟೋದು ಹೇಗೆ, ಗಿರಾಕಿ ಉಳಿಸಿಕೊಳ್ಳೋದು ಹೇಗೆ?

ಅರಸೀಕೆರೆ (ಹರಪನಹಳ್ಳಿ ತಾ.): ಶಟರ್ ಎತ್ತಿ ಕಸ ಗುಡಿಸಿದರೆ ಅಂಗಡಿ ತೆರೆದಂತೆ ಎನ್ನುವ ಕಾಲ ಹೋಗುತ್ತಿದೆ. ಮೊಬೈಲ್ ಅಂಗಡಿ, ಬಟ್ಟೆ ಅಂಗಡಿ, ಮೆಡಿಕಲ್ ಶಾಪ್, ಬೇಕರಿ, ಬಂಗಾರದ ಅಂಗಡಿ, ಬ್ಯಾಂಕು, ಎಟಿಎಂ, ಕ್ಲಿನಿಕ್ಕು, ಹೀಗೆ ಎಲ್ಲಿ ನೋಡಿದರೂ ಮುಂದೆ ಗಾಜು. ಹೊಸ ಮನೆಗಳಲ್ಲಿ ಮರದ ಕಿಟಕಿಯ ಜಾಗಕ್ಕೆ ಅಲ್ಯೂಮಿನಿಯಂ, ಯುಪಿವಿಸಿ ಸ್ಲೈಡಿಂಗ್ ಕಿಟಕಿ ಬಂದಿವೆ. ಗಾಜು ಹೆಚ್ಚಾದಂತೆ ಅದನ್ನು ಒರೆಸುವ ಕೆಲಸವೂ ಹೆಚ್ಚುತ್ತದೆ. ಏಣಿ, ಬಕೆಟ್ಟು, ವೈಪರ್ ಇದ್ದರೆ ಶುರು ಮಾಡಬಹುದಾದ ಉದ್ಯೋಗ ಇದು.

ಬಂಡವಾಳ ಕಮ್ಮಿ ಇರುವುದೇ ಇಲ್ಲಿನ ಅನುಕೂಲ, ಅದೇ ಅಪಾಯ ಕೂಡ. "ಏನ್ ಮಹಾ ಖರ್ಚೈತಿ, ಸೋಪು ನೀರು ತಾನೆ" ಎಂದು ಗಿರಾಕಿಯೂ ಅಂದುಕೊಳ್ಳುತ್ತಾನೆ, ಕೆಲಸ ಮಾಡುವವನೂ ಅಂದುಕೊಳ್ಳುತ್ತಾನೆ. ಬಾಯಿಗೆ ಬಂದ ರೇಟು ಹೇಳಿ, ದಿನವಿಡೀ ಏಣಿ ಹತ್ತಿ ಇಳಿದು, ತಿಂಗಳ ಕೊನೆಗೆ ನೋಡಿದರೆ ಕೈಗೆ ಉಳಿದದ್ದು ಹೊಲದ ಕೂಲಿಯಷ್ಟೂ ಇರುವುದಿಲ್ಲ. ಈ ಕೆಲಸದ ರೇಟು ಪಕ್ಕದ ಊರಿನವನು ಎಷ್ಟು ತಗೊಳ್ತಾನೆ ಎಂಬುದರಿಂದ ಹುಟ್ಟಬಾರದು. ತನ್ನ ಒಂದು ಗಂಟೆಗೆ ಎಷ್ಟು ಬೀಳುತ್ತದೆ ಎಂಬುದರಿಂದ ಹುಟ್ಟಬೇಕು. ಅದರ ಲೆಕ್ಕ ಹೇಗೆ ಎಂಬುದು ಇಲ್ಲಿದೆ.

ಈ ಭಾಗದ ಗಾಜಿಗೆ ಏನು ಅಂಟುತ್ತದೆ?

ರೇಟು ಕಟ್ಟುವ ಮೊದಲು ಕೆಲಸ ಎಂಥದ್ದು ಎಂದು ತಿಳಿದಿರಬೇಕು. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು ಭಾಗ ಒಣ ಸೀಮೆ. ಬೇಸಿಗೆಯಲ್ಲಿ ರಸ್ತೆ ಧೂಳು, ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ಅದರ ಹೊಟ್ಟು, ಮಳೆ ಬಿದ್ದರೆ ಕೆಸರಿನ ಸಿಡಿ. ಇವೆಲ್ಲ ಸೋಪು ನೀರಿಗೆ ಹೋಗುತ್ತವೆ. ಹಠ ಮಾಡುವುದು ಬೋರ್‌ವೆಲ್ ನೀರಿನ ಬಿಳಿ ಕಲೆ.

ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಿರುತ್ತವೆ. ನೀರು ಆವಿಯಾದರೂ ಅವು ಗಾಜಿನ ಮೇಲೆಯೇ ಕೂತುಬಿಡುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನ ಒಪ್ಪುವಂಥದ್ದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಕುಡಿಯಲು ನಡೆಯುವ ನೀರು ಗಾಜಿಗೆ ನಡೆಯುತ್ತದೆ ಎಂದೇನಿಲ್ಲ. ಅಂಥ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ.

ಉಪಾಯ ಊರಲ್ಲೇ ಇದೆ. ಮೊದಲ ತೊಳೆತಕ್ಕೆ ಯಾವ ನೀರಾದರೂ ಸರಿ, ಕೊನೆಯ ಕೈಗೆ ಮಾತ್ರ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರು ಬಳಸಬೇಕು. ಒಂದು ಕ್ಯಾನ್ ನೀರು ಹಲವು ಅಂಗಡಿಗೆ ಬರುತ್ತದೆ. ಲವಣ ತೆಗೆದ ನೀರಾದ್ದರಿಂದ ಹನಿ ಉಳಿದರೂ ಕಲೆ ಬೀಳುವುದು ಕಮ್ಮಿ. ಹೊರದೇಶಗಳಲ್ಲಿ ದೊಡ್ಡ ಕಟ್ಟಡಗಳ ಗಾಜು ತೊಳೆಯುವವರು ಲಕ್ಷಗಟ್ಟಲೆ ಬೆಲೆಯ ಯಂತ್ರದಲ್ಲಿ ಮಾಡುವುದೂ ಇದನ್ನೇ. ಹಳೆಯ ಬಿಳಿ ಕಲೆಗೆ ವಿನೆಗರ್ ಅಥವಾ ನಿಂಬೆಹುಳಿ ಸಾಕು. ಬಚ್ಚಲು ತೊಳೆಯುವ ಆಸಿಡ್ ಹಾಕಿದರೆ ಅಲ್ಯೂಮಿನಿಯಂ ಫ್ರೇಮಿನ ಬಣ್ಣ ಹೋಗುತ್ತದೆ, ಆ ಖರ್ಚು ಕೆಲಸದವನ ಮೇಲೇ ಬರುತ್ತದೆ.

ಇನ್ನೊಂದು ಮಾತು: ಗಾಜು ಒರೆಸುವುದು ಬೆಳಗಿನ ಕೆಲಸ. ಬಿಸಿಲಿಗೆ ಕಾದ ಗಾಜಿನ ಮೇಲೆ ಸೋಪು ನೀರು ಒರೆಸುವ ಮೊದಲೇ ಒಣಗಿ ಗೆರೆ ಬೀಳುತ್ತದೆ. ಅಂಗಡಿಗೆ ಜನ ಬರುವ ಮುಂಚೆ ಮುಗಿದರೆ ವ್ಯಾಪಾರಕ್ಕೂ ಅಡ್ಡಿಯಿಲ್ಲ.

ಮೊದಲು ಒಂದು ಗಂಟೆಯ ಬೆಲೆ

ಒಬ್ಬರೇ ಬೈಕ್‌ನಲ್ಲಿ ಓಡಾಡಿ ಮಾಡುವ ಕೆಲಸ ಎಂದುಕೊಳ್ಳೋಣ. ಕೆಳಗಿನ ಅಂಕಿಗಳು ಲೆಕ್ಕದ ದಾರಿ ತಿಳಿಯಲು ಹಾಕಿದವು. ಪ್ರತಿಯೊಬ್ಬರೂ ತಮ್ಮ ಅಂಕಿ ಹಾಕಿಕೊಳ್ಳಬೇಕು.

ತಿಂಗಳಿಗೆ 24 ದಿನ ಕೆಲಸ. ಹಬ್ಬ, ಜಾತ್ರೆ, ಮದುವೆ, ಮಳೆ, ಮೈ ಹುಷಾರಿಲ್ಲದ ದಿನ ಕಳೆದರೆ ಅಷ್ಟೇ ಉಳಿಯುವುದು. ದಿನಕ್ಕೆ 8 ಗಂಟೆ ಹೊರಗಿದ್ದರೂ ವೈಪರ್ ಗಾಜಿನ ಮೇಲೆ ಓಡುವುದು 5 ಗಂಟೆ. ಉಳಿದದ್ದು ಓಡಾಟಕ್ಕೆ, ಅಂಗಡಿ ತೆರೆಯುವವರೆಗೆ ಕಾಯುವುದಕ್ಕೆ, ಹೊಸ ಗಿರಾಕಿ ಕೇಳುವುದಕ್ಕೆ, ದುಡ್ಡು ವಸೂಲಿಗೆ. ಅಂದರೆ ದುಡ್ಡು ಹುಟ್ಟುವ ಸಮಯ ತಿಂಗಳಿಗೆ 120 ಗಂಟೆ.

ಇನ್ನು ಖರ್ಚು:

- ಪೆಟ್ರೋಲ್, ದಿನಕ್ಕೆ 100ರಂತೆ: 2,400 ರೂ.
- ಸೋಪು, ಬಟ್ಟೆ, ವೈಪರಿನ ರಬ್ಬರ್, ಆರ್‌ಒ ನೀರು: 900 ರೂ.
- ಬೈಕ್ ಸರ್ವಿಸ್, ಟೈರು: 600 ರೂ.
- ಏಣಿ ಮತ್ತು ಸಾಮಾನು (12,000 ರೂ. ಕೊಟ್ಟು ತಂದು 24 ತಿಂಗಳು ಬಾಳಿಕೆ): 500 ರೂ.
- ಫೋನ್: 300 ರೂ.
- ವಿಮೆ, ಕಾರ್ಡು, ರಸೀದಿ ಪುಸ್ತಕ: 300 ರೂ.

ಒಟ್ಟು 5,000 ರೂ. ಇದರ ಮೇಲೆ ಮನೆಗೆ ತಗೊಂಡು ಹೋಗಬೇಕಾದ ದುಡಿಮೆ ದಿನಕ್ಕೆ 750 ಎಂದರೆ 24 ದಿನಕ್ಕೆ 18,000. ಎರಡೂ ಸೇರಿ 23,000. ಕೆಲಸ ಸಿಗದ ವಾರಕ್ಕೆ, ಒಡೆದ ಗಾಜಿಗೆ, ಮುಳುಗಿದ ಉದ್ರಿಗೆ ಎಂದು ಶೇ. 10 ಎತ್ತಿಡಬೇಕು, ಅದು 2,300. ಎಲ್ಲ ಕೂಡಿದರೆ 25,300 ರೂ. ಇದನ್ನು 120 ಗಂಟೆಗೆ ಭಾಗಿಸಿದರೆ ಗಂಟೆಗೆ ಸುಮಾರು 210 ರೂಪಾಯಿ, ನಿಮಿಷಕ್ಕೆ ಮೂರೂವರೆ ರೂಪಾಯಿ.

ಈ ಮೂರೂವರೆ ರೂಪಾಯಿಯೇ ಅಳತೆಗೋಲು. ಯಾವ ಕೆಲಸ ಬಂದರೂ ಎಷ್ಟು ನಿಮಿಷ ಹಿಡಿಯುತ್ತದೆ ಎಂದು ನೋಡಿ ಇದರಿಂದ ಗುಣಿಸಿದರೆ ಕೆಳಗಿನ ಗೆರೆ ಗೊತ್ತಾಗುತ್ತದೆ. ಅದಕ್ಕಿಂತ ಮೇಲೆ ಎಷ್ಟು ಹೇಳಬಹುದು ಎಂಬುದು ಗಿರಾಕಿ, ಕೆಲಸದ ಕಷ್ಟ, ಊರು ನೋಡಿಕೊಂಡು. ಅದಕ್ಕಿಂತ ಕೆಳಗೆ ಮಾತ್ರ ಇಳಿಯುವ ಹಾಗಿಲ್ಲ.

ನಿಮಿಷದಿಂದ ಅಂಗಡಿಯ ರೇಟಿಗೆ

ಸಾಮಾನ್ಯ ಅಂಗಡಿಯ ಮುಂದಿನ ಗಾಜು 10 ಅಡಿ ಅಗಲ, 8 ಅಡಿ ಎತ್ತರ ಇದೆ ಎನ್ನೋಣ. ಒಂದು ಮಗ್ಗುಲಿಗೆ 80 ಚದರಡಿ, ಒಳಗೆ ಹೊರಗೆ ಸೇರಿ 160 ಚದರಡಿ. ವಾರಕ್ಕೊಮ್ಮೆ ಒರೆಸುವ ಗಾಜಾದರೆ ಕೈ ಪಳಗಿದವರಿಗೆ 20 ನಿಮಿಷ. 20ನ್ನು ಮೂರೂವರೆಯಿಂದ ಗುಣಿಸಿದರೆ 70 ರೂ. ತಿಂಗಳಿಗೆ ನಾಲ್ಕು ಸಲಕ್ಕೆ 280 ರೂ. ಆಯಿತು.

ಮೊದಲ ಸಲದ ಕೆಲಸ ಬೇರೆ. ಹಳೆ ಸ್ಟಿಕರಿನ ಗೋಂದು, ಆಫರ್ ಪೋಸ್ಟರಿನ ಟೇಪು, ಬಣ್ಣದ ಹನಿ, ಬಿಳಿ ಕಲೆ ಎಲ್ಲ ತೆಗೆಯಲು ಅದೇ ಗಾಜಿಗೆ ಒಂದೂವರೆ ಗಂಟೆ ಹಿಡಿಯಬಹುದು. ಅದಕ್ಕೆ 315 ರೂ. "ಮೊದಲ ಸಲ ಇಷ್ಟು, ಆಮೇಲೆ ವಾರಕ್ಕೊಮ್ಮೆ ಆದ್ರೆ ಇಷ್ಟು" ಎಂದು ಎರಡೂ ರೇಟು ಒಟ್ಟಿಗೇ ಹೇಳಬೇಕು. ಮೊದಲ ಸಲವೇ 70 ರೂಪಾಯಿಗೆ ಮಾಡಿಕೊಟ್ಟರೆ ಆಮೇಲೆ ಯಾವತ್ತೂ ಮೇಲೇರಿಸಲು ಆಗುವುದಿಲ್ಲ.

ಒಂದೇ ಸಲದ ಬಿಡಿ ಕೆಲಸಕ್ಕೆ ಕನಿಷ್ಠ ರೇಟು ಇಟ್ಟುಕೊಳ್ಳಬೇಕು, ಉದಾಹರಣೆಗೆ 150 ರೂ. ಒಂದು ಸಣ್ಣ ಬಾಗಿಲ ಗಾಜಿಗೆ ಕರೆದರೂ ಸಾಮಾನು ಇಳಿಸಿ, ಒರೆಸಿ, ಮತ್ತೆ ಕಟ್ಟಿಕೊಂಡು ಹೋಗುವಷ್ಟರಲ್ಲಿ 40 ನಿಮಿಷ ಹೋಗಿರುತ್ತದೆ.

ಮನೆ ಕೆಲಸಕ್ಕೆ ಕಿಟಕಿ ಲೆಕ್ಕ ಸುಲಭ. ಗಾಜು, ಸೊಳ್ಳೆ ಜಾಲರಿ, ಗ್ರಿಲ್ಲು, ಸ್ಲೈಡಿಂಗ್ ಚಾನೆಲ್‌ನ ಮಣ್ಣು ಎಲ್ಲ ಸೇರಿ ಕಿಟಕಿಗೆ 15 ನಿಮಿಷ ಎಂದರೆ 55 ರೂ. 8 ಕಿಟಕಿಯ ಮನೆಗೆ 440 ರೂ. ಹೊಸ ಮನೆಯ ಗೃಹಪ್ರವೇಶದ ಮುಂಚಿನ ಕೆಲಸಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಸಿಮೆಂಟು, ಪುಟ್ಟಿ, ಪೇಂಟು ಅಂಟಿರುತ್ತದೆ. ಅಂಥದ್ದಕ್ಕೆ ಫೋನಿನಲ್ಲಿ ರೇಟು ಹೇಳುವಂತೆಯೇ ಇಲ್ಲ, ಕಣ್ಣಾರೆ ನೋಡಿಯೇ ಹೇಳಬೇಕು. ಒಣ ಗಾಜಿನ ಮೇಲೆ ಬ್ಲೇಡ್ ಎಳೆದರೆ ಗೀರು ಬಿದ್ದು ಗಾಜೇ ಬದಲಿಸಬೇಕಾಗುತ್ತದೆ. ಚೆನ್ನಾಗಿ ನೆನೆಸಿ, ಮೂಲೆಯಲ್ಲಿ ಒಂದಿಷ್ಟು ಜಾಗದಲ್ಲಿ ಪರೀಕ್ಷೆ ಮಾಡಿ, ಆಮೇಲೆ ಮುಂದುವರಿಯಬೇಕು.

"ಇಪ್ಪತ್ತು ರೂಪಾಯಿ ಬಿಡ್ರಿ" ಎಂದಾಗ

ಕೇಳುವವರಿಗೆ ಇಪ್ಪತ್ತು ರೂಪಾಯಿ ಸಣ್ಣದು. ಕೊಡುವವನ ಲೆಕ್ಕದಲ್ಲಿ ಏನಾಗುತ್ತದೆ ನೋಡಬಹುದು. ದಿನಕ್ಕೆ 20 ನಿಮಿಷದ 15 ಅಂಗಡಿ, ತಿಂಗಳಿಗೆ 360 ಸಲ. 70ರಂತೆ 25,200 ರೂ. ಬರುತ್ತದೆ.

50ಕ್ಕೆ ಇಳಿಸಿದರೆ ಬರುವುದು 18,000. ಖರ್ಚು 5,000 ಅಷ್ಟೇ ಇರುತ್ತದೆ, ಏಕೆಂದರೆ ರೇಟು ಇಳಿದರೆ ಪೆಟ್ರೋಲ್ ಇಳಿಯುವುದಿಲ್ಲ. ಉಳಿಯುವುದು 13,000, ದಿನಕ್ಕೆ 540 ರೂ. ಚಿಲ್ಲರೆ. ಕಷ್ಟಕಾಲಕ್ಕೆ ಎತ್ತಿಡಲು ಏನೂ ಇಲ್ಲ.

40ಕ್ಕೆ ಇಳಿಸಿದರೆ ಬರುವುದು 14,400, ಉಳಿಯುವುದು 9,400. ದಿನಕ್ಕೆ 392 ರೂ. ರಾಜ್ಯದಲ್ಲಿ 2025–26ರ ಸಾಲಿಗೆ ನಿಗದಿಯಾದ ನರೇಗಾ ಕೂಲಿ ದಿನಕ್ಕೆ 370 ರೂ. ಸ್ವಂತ ಬೈಕು ತೇಯಿಸಿ, ಸ್ವಂತ ಏಣಿ ಹತ್ತಿ, ಬೀಳುವ ಅಪಾಯವನ್ನೂ ತಲೆ ಮೇಲೆ ಹೊತ್ತು ದುಡಿದವನಿಗೆ ಸಿಕ್ಕ ಹೆಚ್ಚಿನ ಲಾಭ 22 ರೂಪಾಯಿ.

ಹಾಗಂತ ಚೌಕಾಸಿ ಮಾಡುವ ಗಿರಾಕಿಯನ್ನು ಕಳಿಸಿಬಿಡಬೇಕಾಗಿಲ್ಲ. ರೇಟು ಇಳಿಸುವ ಬದಲು ಕೆಲಸ ಇಳಿಸಬೇಕು. "ಸಾವ್ಕಾರ್ರೆ, ಹೊರಗಿನ ಮಗ್ಗುಲಷ್ಟೇ ಮಾಡ್ತೀನಿ, 45 ಕೊಡ್ರಿ. ಇಲ್ಲಾಂದ್ರೆ ಎರಡು ವಾರಕ್ಕೊಮ್ಮೆ ಬರ್ತೀನಿ, ಸಲಕ್ಕೆ 90, ತಿಂಗಳಿಗೆ 180 ಆಗ್ತದೆ." ಗಿರಾಕಿಗೂ ಖರ್ಚು ಕಮ್ಮಿಯಾಯಿತು, ನಿಮಿಷಕ್ಕೆ ಮೂರೂವರೆ ರೂಪಾಯಿಯೂ ಉಳಿಯಿತು. ಎರಡು ವಾರದ ಧೂಳಿಗೆ 20ರ ಬದಲು 25 ನಿಮಿಷ ಬೇಕಾಗುವುದರಿಂದ ಸಲಕ್ಕೆ 90.

ಪೇಪರ್ ಲೈನ್ ಇದ್ದ ಹಾಗೆ

ಪೇಪರ್ ಹಾಕುವವರಿಗೆ, ಹಾಲು ಹಾಕುವವರಿಗೆ ಒಂದು ಲೈನ್ ಇರುತ್ತದೆ. ಅವರ ಆಸ್ತಿ ಸೈಕಲ್ಲಲ್ಲ, ಆ ಲೈನೇ. ಗಾಜು ಒರೆಸುವ ಕೆಲಸವೂ ಹೀಗೇ. ಇಂಗ್ಲೆಂಡಿನಲ್ಲಿ ಈ ಕೆಲಸದವರು ಕಾಯಂ ಗಿರಾಕಿಗಳಿರುವ ತಮ್ಮ ಲೈನನ್ನು ಅಂಗಡಿ ಮಾರಿದ ಹಾಗೆ ಇನ್ನೊಬ್ಬರಿಗೆ ಮಾರುವುದೂ ಉಂಟು. ಬಕೆಟ್ಟು, ಏಣಿಗೆ ಯಾರೂ ಅಷ್ಟು ದುಡ್ಡು ಕೊಡುವುದಿಲ್ಲ. ಪ್ರತಿ ತಿಂಗಳು ತಪ್ಪದೆ ಬರುವ ದುಡ್ಡಿಗೆ ಬೆಲೆ.

ಮೇಲಿನ ಲೆಕ್ಕದ 360 ಸಲ ಎಂದರೆ ವಾರಕ್ಕೊಮ್ಮೆಯ 90 ಅಂಗಡಿ ಬೇಕು. ಅರಸೀಕೆರೆ ಒಂದರಲ್ಲೇ ಅಷ್ಟು ಗಾಜಿನ ಅಂಗಡಿ ಹುಡುಕುವುದು ಕಷ್ಟ. ಹಾಗಾಗಿ ವಾರವನ್ನು ಊರುಗಳಿಗೆ ಹಂಚಿಕೊಳ್ಳಬೇಕು. ಒಂದು ದಿನ ಅರಸೀಕೆರೆ, ಮೂರು ದಿನ ಹರಪನಹಳ್ಳಿ, ಒಂದು ದಿನ ಕೊಟ್ಟೂರು, ಉಳಿದ ದಿನ ಮನೆಗಳು, ಹೀಗೆ. ಸಂತೆ ದಿನ ಅಂಗಡಿಯವರಿಗೆ ಮಾತಾಡಲೂ ಪುರುಸೊತ್ತಿರುವುದಿಲ್ಲ, ಆ ಊರಿಗೆ ಆ ದಿನ ಹೋಗದಿರುವುದು ಒಳ್ಳೆಯದು.

ದೂರದ ಬಿಡಿ ಕೆಲಸ ಹೇಗೆ ತಿನ್ನುತ್ತದೆ ಎಂಬುದಕ್ಕೆ ಒಂದು ಲೆಕ್ಕ. ಹೋಗಿ ಬರಲು 40 ಕಿ.ಮೀ. ಎಂದರೆ ಒಂದು ಗಂಟೆ ಹೋಯಿತು, 210 ರೂ. ಲೀಟರಿಗೆ ನೂರು ದಾಟಿದ ಪೆಟ್ರೋಲಿಗೆ ಇನ್ನು 90 ರೂ. ಗಾಜು ಮುಟ್ಟುವ ಮೊದಲೇ 300 ರೂ. ಖರ್ಚು. ಒಂದೇ ಅಂಗಡಿಗೆ ಹೋದರೆ ಆ 300 ಆ ಅಂಗಡಿಯ ಮೇಲೆ, ಅದೇ ಬೀದಿಯ 10 ಅಂಗಡಿ ಹಿಡಿದರೆ ತಲಾ 30. ಹೊಸ ಊರಲ್ಲಿ ಮೊದಲ ಗಿರಾಕಿ ಸಿಕ್ಕ ಮೇಲೆ ಇನ್ನೊಂದು ಊರಿಗೆ ಓಡುವುದಕ್ಕಿಂತ ಅದೇ ಸಾಲಿನ ಪಕ್ಕದ ಅಂಗಡಿಗೆ ಹೋಗುವುದೇ ಲಾಭ. ಪಕ್ಕದ ಅಂಗಡಿಗೆ 10 ರೂ. ಕಮ್ಮಿ ಮಾಡಿದರೂ ಗಿಟ್ಟುತ್ತದೆ, ಏಕೆಂದರೆ ಅಲ್ಲಿಗೆ ಹೋಗುವ ಖರ್ಚಿಲ್ಲ. ಚೌಕಾಸಿಗೆ ಜಾಗ ಇರುವುದು ಇಲ್ಲಿ ಮಾತ್ರ.

ಗಿರಾಕಿ ಹತ್ತಿರ ಹೋಗುವುದು

ಬೆಳಿಗ್ಗೆ ಪೂಜೆ, ಬೋಣಿಗೆ ಆಗುವ ಮುಂಚೆ ದುಡ್ಡಿನ ಮಾತು ಎತ್ತುವುದು ಸರಿಯಲ್ಲ ಎಂಬುದು ವ್ಯಾಪಾರ ಗೊತ್ತಿದ್ದವರಿಗೆಲ್ಲ ಗೊತ್ತು. ಮಧ್ಯಾಹ್ನ ಊಟದ ನಂತರದ ಹೊತ್ತು, ಗಿರಾಕಿಗಳ ಓಡಾಟ ಕಮ್ಮಿ ಇರುವಾಗ ಕೇಳಬೇಕು. ಮಾಲೀಕರೇ ಇರುವಾಗ ಹೋಗಬೇಕು. ಕೆಲಸದ ಹುಡುಗನಿಗೆ ಹೇಳಿ ಬಂದರೆ ಆ ಮಾತು ಅಲ್ಲೇ ಉಳಿಯುತ್ತದೆ.

ಬಾಯಿ ಮಾತಿಗಿಂತ ಕೈ ಕೆಲಸ ಬೇಗ ನಂಬಿಸುತ್ತದೆ. "ಒಂದು ಬಾಗಿಲ ಅರ್ಧ ಭಾಗ ಮಾಡಿ ತೋರಿಸ್ತೀನ್ರಿ, ದುಡ್ಡು ಬೇಡ" ಎಂದು ಮೂರು ನಿಮಿಷದಲ್ಲಿ ಒರೆಸಿ ತೋರಿಸಿದರೆ ಉಳಿದ ಅರ್ಧ ತಾನಾಗಿ ಮಾತಾಡುತ್ತದೆ. ಖರ್ಚು ಹತ್ತು ರೂಪಾಯಿ ಚಿಲ್ಲರೆ. ಇಡೀ ಅಂಗಡಿಯನ್ನು ಪುಕ್ಕಟೆ ಮಾಡಿಕೊಡುವುದು ಬೇರೆ ಮಾತು, ಹಾಗೆ ಮಾಡಿದರೆ ಮುಂದಿನ ಸಲವೂ ಪುಕ್ಕಟೆಯ ನಿರೀಕ್ಷೆ ಇರುತ್ತದೆ.

ಅಂಗಡಿಯವರು ಕೇಳುವ ದೊಡ್ಡ ಪ್ರಶ್ನೆ, "ನಮ್ ಹುಡುಗನೇ ಒರೆಸ್ತಾನಲ್ಲ?" ಎಂಬುದು. ಅದಕ್ಕೆ ಉತ್ತರ ಲೆಕ್ಕದಲ್ಲೇ ಇದೆ. ಹುಡುಗ ಹಳೆ ಪೇಪರ್ ಹಿಡಿದು ಒರೆಸಿದರೆ ಮುಕ್ಕಾಲು ಗಂಟೆ, ಅಷ್ಟು ಹೊತ್ತು ಕೌಂಟರ್ ಖಾಲಿ, ಮೇಲಿನ ಮೂರಡಿ ಕೈಗೆ ಸಿಗುವುದಿಲ್ಲ, ಸ್ಟೂಲ್ ಮೇಲೆ ಸ್ಟೂಲ್ ಇಟ್ಟು ಹತ್ತಿದರೆ ಬೀಳುವ ಭಯ. ಇದನ್ನು ಜಗಳದ ಧಾಟಿಯಲ್ಲಿ ಹೇಳದೆ ಸಮಾಧಾನವಾಗಿ ಹೇಳಿದರೆ ಅರ್ಥವಾಗುತ್ತದೆ.

ಕಾಲ ನೋಡಿ ಕೇಳುವುದೂ ಮುಖ್ಯ. ಯುಗಾದಿ, ದಸರಾ, ದೀಪಾವಳಿಗೆ ಎರಡು ವಾರ ಮುಂಚೆ, ಮದುವೆ ಸೀಜನ್‌ಗೆ ಮುನ್ನ ಕಲ್ಯಾಣ ಮಂಟಪಗಳಿಗೆ, ಫೆಬ್ರವರಿ–ಮಾರ್ಚ್ ಹೊತ್ತಿಗೆ ಬರುವ ಕೊಟ್ಟೂರು ಗುರುಬಸವೇಶ್ವರ ಸ್ವಾಮಿ ರಥೋತ್ಸವಕ್ಕೆ ಮುಂಚೆ ಅಲ್ಲಿನ ಲಾಡ್ಜು, ಹೋಟೆಲುಗಳಿಗೆ ಹೋಗಬೇಕು. ಹಬ್ಬದ ಬಿಡಿ ಕೆಲಸ ಮುಗಿಸಿ ದುಡ್ಡು ತಗೊಳ್ಳುವಾಗಲೇ ತಿಂಗಳ ಲೆಕ್ಕದ ಮಾತು ಎತ್ತುವುದಕ್ಕೆ ಸರಿಯಾದ ಸಮಯ. ಗಾಜು ಹೊಳೆಯುತ್ತಿರುವಾಗ ಒಪ್ಪುವಷ್ಟು ಬೇಗ ಧೂಳು ಕೂತ ಮೇಲೆ ಯಾರೂ ಒಪ್ಪುವುದಿಲ್ಲ.

ಗೂಗಲ್ ಮ್ಯಾಪಿನಲ್ಲಿ ಹೆಸರು ಹಾಕುವುದಕ್ಕೆ ದುಡ್ಡಿಲ್ಲ. ಒಂದು ಎಚ್ಚರ ಮಾತ್ರ ಬೇಕು. ಹಾಸನ ಜಿಲ್ಲೆಯಲ್ಲೂ ಅರಸೀಕೆರೆ ಇದೆ. ಅದು ತಾಲ್ಲೂಕು ಕೇಂದ್ರ, ರೈಲ್ವೆ ಜಂಕ್ಷನ್. ಬರೀ "ಅರಸೀಕೆರೆ" ಎಂದು ಹಾಕಿದರೆ ಅಲ್ಲಿಯ ಫೋನುಗಳು ಇಲ್ಲಿಗೆ ಬರುತ್ತವೆ, ಇಲ್ಲಿಯ ಗಿರಾಕಿಗೆ ಹೆಸರು ಕಾಣುವುದಿಲ್ಲ. "ಅರಸೀಕೆರೆ, ಹರಪನಹಳ್ಳಿ ತಾಲ್ಲೂಕು, ವಿಜಯನಗರ ಜಿಲ್ಲೆ" ಎಂದು ಪೂರ್ತಿ ಬರೆಯಬೇಕು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋದ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿದ್ದರಿಂದ ಹಳೆಯ ಕಾರ್ಡು, ಬೋರ್ಡುಗಳಲ್ಲಿ ಇನ್ನೂ ಬೇರೆ ಜಿಲ್ಲೆಯ ಹೆಸರು ಉಳಿದಿರಬಹುದು. ಅದನ್ನೂ ತಿದ್ದಿಕೊಳ್ಳುವುದು ಒಳ್ಳೆಯದು.

ಉದ್ರಿ, ರಸೀದಿ, ತೆರಿಗೆ

"ಇಂದು ನಗದು, ನಾಳೆ ಉದ್ರಿ" ಎಂಬ ಬೋರ್ಡು ಹಾಕಿದ ಅಂಗಡಿಯವರೇ "ಮುಂದಿನ ವಾರ ನೋಡಾಣ" ಎನ್ನುವುದುಂಟು. ತಿಂಗಳ ಲೆಕ್ಕದವರಿಂದ ತಿಂಗಳ ಮೊದಲ ವಾರದಲ್ಲೇ ದುಡ್ಡು ತಗೊಳ್ಳುವ ಮಾತು ಮೊದಲೇ ಆಗಿರಬೇಕು. ಸಣ್ಣ ಪುಸ್ತಕದಲ್ಲಿ ತಾರೀಕು, ಅಂಗಡಿ ಹೆಸರು, ಮಾಡಿದ ಕೆಲಸ, ಬಂದ ದುಡ್ಡು ಬರೆದು ಗಿರಾಕಿಯ ಸಹಿ ಹಾಕಿಸಿದರೆ ತಕರಾರು ಹುಟ್ಟುವುದಿಲ್ಲ.

ಉದ್ಯಮ್ ನೋಂದಣಿ ಆಧಾರ್ ನಂಬರಿನಿಂದ ಪುಕ್ಕಟೆ ಆಗುತ್ತದೆ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಬ್ಯಾಂಕ್ ಸಾಲಕ್ಕೆ ಇದು ನೆರವಾಗುತ್ತದೆ. ನೋಂದಣಿಯಾದ ಸಣ್ಣ ಉದ್ದಿಮೆಗೆ ಕೆಲಸ ಕೊಟ್ಟವರು ಲಿಖಿತ ಒಪ್ಪಂದ ಇದ್ದರೂ 45 ದಿನದ ಒಳಗೆ ದುಡ್ಡು ಕೊಡಬೇಕೆಂದು ಕಾನೂನು ಹೇಳುತ್ತದೆ. ಏಣಿ, ಸಾಮಾನು ತರಲು ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂ.ವರೆಗೆ ಅಡಮಾನವಿಲ್ಲದ ಸಾಲ ಇದೆ. ಶುರುವಿಗೆ ಅಷ್ಟು ಬೇಕಾಗುವುದೂ ಇಲ್ಲ. ಪಂಚಾಯಿತಿ ಅಥವಾ ಪಟ್ಟಣದ ಸ್ಥಳೀಯ ಸಂಸ್ಥೆಯ ಪರವಾನಗಿ ಬೇಕೇ ಎಂದು ಆಯಾ ಕಚೇರಿಯಲ್ಲಿ ಕೇಳಿಕೊಳ್ಳಬೇಕು.

ಜಿಎಸ್‌ಟಿ ಬಗ್ಗೆ ಭಯ ಬೇಡ. ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ರೂ. ದಾಟಿದರೆ ನೋಂದಣಿ ಕಡ್ಡಾಯ. ಮೇಲಿನ ಲೆಕ್ಕದಲ್ಲಿ ವರ್ಷದ ವಹಿವಾಟು ಮೂರು ಲಕ್ಷ ಚಿಲ್ಲರೆ ಮಾತ್ರ. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ಬರೆದು ವಸೂಲಿ ಮಾಡುವಂತಿಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ವಹಿವಾಟು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ಹಲವರಿಗೆ ನೆನಪಿದೆ. ಆಗ ಕೈಗೆ ಬಂದದ್ದು ವ್ಯಾಪಾರದ ದುಡ್ಡೋ, ನೆಂಟರಿಂದ ಬಂದದ್ದೋ ಎಂದು ತೋರಿಸಲು ಪುಸ್ತಕ ಇದ್ದವರಿಗೆ ಅನುಕೂಲ. ಕೆಲಸದ ದುಡ್ಡಿಗೆ ಬೇರೆ ಖಾತೆ, ಬೇರೆ ಕ್ಯೂಆರ್ ಕೋಡ್ ಇಟ್ಟುಕೊಳ್ಳುವುದು ಸುಲಭದ ದಾರಿ.

ಬ್ಯಾಂಕು, ಕಂಪನಿಗಳ ಕೆಲಸ ಹಿಡಿದಾಗ ವರ್ಷಕ್ಕೆ ಒಂದು ಲಕ್ಷ ದಾಟಿದರೆ, ಅಥವಾ ಒಂದೇ ಬಿಲ್ಲು 30,000 ದಾಟಿದರೆ, ಅವರು ಶೇ. 1ರಷ್ಟು ಟಿಡಿಎಸ್ ಹಿಡಿಯುತ್ತಾರೆ. ಪ್ಯಾನ್ ನಂಬರ್ ಕೊಟ್ಟಿರಬೇಕು, ಇಲ್ಲದಿದ್ದರೆ ಇನ್ನೂ ಹೆಚ್ಚು ಹಿಡಿಯುತ್ತಾರೆ. ರಿಟರ್ನ್ ಹಾಕಿದರೆ ತೆರಿಗೆ ಬಾಕಿ ಇಲ್ಲದವರಿಗೆ ಅದು ವಾಪಸ್ ಬರುತ್ತದೆ.

ಏಣಿ ಹತ್ತುವ ಮುಂಚೆ

ರೇಟು ತಪ್ಪಿದರೆ ಮುಂದಿನ ತಿಂಗಳು ತಿದ್ದಬಹುದು, ಕಾಲು ತಪ್ಪಿದರೆ ಆಗದು. ಏಣಿ ನಾಲ್ಕಡಿ ಎತ್ತರಕ್ಕೆ ಒಂದಡಿ ಲೆಕ್ಕದಲ್ಲಿ ಬುಡ ಗೋಡೆಯಿಂದ ದೂರ ಇರಬೇಕು. 12 ಅಡಿ ಎತ್ತರಕ್ಕೆ ಒರಗಿಸಿದರೆ ಬುಡ ಮೂರಡಿ ಆಚೆ. ಸೋಪು ನೀರು ಬಿದ್ದ ಟೈಲ್ಸ್ ಮೇಲೆ ಗೋಣಿಚೀಲವೋ ರಬ್ಬರ್ ಮ್ಯಾಟೋ ಇಲ್ಲದೆ ಏಣಿ ಇಡಬಾರದು. ಬೀದಿಯ ಮೇಲೆ ಹಾದುಹೋಗುವ ವಿದ್ಯುತ್ ತಂತಿ ಇದ್ದ ಕಡೆ ಅಲ್ಯೂಮಿನಿಯಂ ಏಣಿ, ಕಬ್ಬಿಣದ ಉದ್ದ ಕೋಲು ಎತ್ತಲೇಬಾರದು. ಬೋರ್ಡಿನ ಲೈಟು ಇರುವ ಅಂಗಡಿಯಲ್ಲಿ ಮೊದಲು ಅದರ ಸ್ವಿಚ್ ಆಫ್ ಮಾಡಿಸಬೇಕು.

ಮೊದಲ ಮಹಡಿಗಿಂತ ಮೇಲಿನ ಕೆಲಸ ಒಬ್ಬರದ್ದಲ್ಲ. ಏಣಿ ಹಿಡಿಯಲು ಇನ್ನೊಬ್ಬರು ಬೇಕು. ಅವರಿಗೆ ದಿನಕ್ಕೆ 500 ಕೊಟ್ಟರೆ ಗಂಟೆಗೆ 100 ಹೆಚ್ಚಾಯಿತು, ಅಂದರೆ ಆ ಕೆಲಸದ ಗಂಟೆಗೆ 310 ರೂ. ಗಿರಾಕಿ ಇದನ್ನು ಒಪ್ಪದಿದ್ದರೆ ಕೆಲಸ ಬಿಡುವುದೇ ಸರಿ. ಹಗ್ಗ ಕಟ್ಟಿ ನೇತಾಡಿ ಮಾಡುವ ಕೆಲಸ ತರಬೇತಿ ಇಲ್ಲದವರಿಗೆ ಅಲ್ಲವೇ ಅಲ್ಲ.

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂ. ಖಾತೆಯಿಂದ ಕಡಿತವಾಗುತ್ತದೆ. 18ರಿಂದ 70 ವರ್ಷದವರಿಗೆ ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ ರೂ. ಸಿಗುತ್ತದೆ. ಜೂನ್ 1ರಿಂದ ಮೇ 31ರವರೆಗೆ ಅದರ ವರ್ಷ. ಮೇ ಕೊನೆಯಲ್ಲಿ ಖಾತೆಯಲ್ಲಿ ಅಷ್ಟು ದುಡ್ಡು ಇರುವಂತೆ ನೋಡಿಕೊಳ್ಳಬೇಕು.

ಜೊತೆಗೆ ಸೇರಿಸಬಹುದಾದ ಕೆಲಸ

ಗಾಜಿನ ಗಿರಾಕಿಗೇ ಇನ್ನೊಂದು ಕೆಲಸ ಮಾಡಿಕೊಟ್ಟರೆ ಓಡಾಟದ ಖರ್ಚಿಲ್ಲದೆ ದುಡಿಮೆ ಹೆಚ್ಚುತ್ತದೆ. ಫ್ಯಾನು, ನಾಮಫಲಕ, ಶೋಕೇಸ್ ಒರೆಸುವುದು ಒಂದು. ಚಾವಣಿಯ ಸೋಲಾರ್ ಫಲಕ ಇನ್ನೊಂದು. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆ ಮೇಲಿನ ಫಲಕಕ್ಕೆ 78,000 ರೂ.ವರೆಗೆ ಸಹಾಯಧನ ಇರುವುದರಿಂದ ಈ ಕೆಲಸ ಹೆಚ್ಚುವ ಲಕ್ಷಣವಿದೆ. ಧೂಳು ಕೂತ ಫಲಕ ಕಮ್ಮಿ ಕರೆಂಟು ಕೊಡುತ್ತದೆ. ಬಿಸಿಲೇರುವ ಮುಂಚೆ, ಮೆದು ಬ್ರಷ್‌ನಿಂದ ತೊಳೆಯಬೇಕು. ಕಾದ ಫಲಕಕ್ಕೆ ತಣ್ಣೀರು ಸುರಿಯಬಾರದು, ಮೇಲೆ ಕಾಲಿಡಬಾರದು, ವೈರು ಮುಟ್ಟಬಾರದು.

"ಹೆಂಗೂ ಬಂದೀಯಲ್ಲ, ಇದೊಂದು ಗುಂಡಿನೂ ನೋಡಿಬಿಡು" ಎಂದು ಯಾರಾದರೂ ಪಾಯಿಖಾನೆ ಗುಂಡಿ ತೋರಿಸಿದರೆ ಎಷ್ಟೇ ದುಡ್ಡು ಕೊಟ್ಟರೂ ಇಳಿಯಬಾರದು. ಒಳಗಿನ ವಿಷಗಾಳಿ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆ ಪ್ರಕಾರ ಅಪರಾಧ. ಅದಕ್ಕೆ ಸಕ್ಕಿಂಗ್ ಯಂತ್ರದ ಗಾಡಿ ಇದೆ.

ಅಂಗಡಿಯವರು ಗೊತ್ತುಮಾಡಿಕೊಳ್ಳಬೇಕಾದ್ದು

ಕೆಲಸ ಕೊಡುವವರೂ ನಾಲ್ಕು ಮಾತು ಮೊದಲೇ ಕೇಳಿಕೊಂಡರೆ ಆಮೇಲೆ ಮನಸ್ತಾಪ ಬರುವುದಿಲ್ಲ.

- ರೇಟು ಒಳಗೆ ಹೊರಗೆ ಎರಡಕ್ಕೂ ಸೇರಿಯೋ, ಒಂದೇ ಮಗ್ಗುಲಿಗೋ? ಫ್ರೇಮು, ಬಾಗಿಲ ಹಿಡಿಕೆ ಸೇರಿದೆಯೋ?
- ಯಾವ ವಾರ, ಎಷ್ಟು ಹೊತ್ತಿಗೆ ಬರುತ್ತಾರೆ? ಮಳೆ ಬಂದು ತಪ್ಪಿದರೆ ಯಾವಾಗ ಮಾಡಿಕೊಡುತ್ತಾರೆ?
- ಗಾಜು ಒಡೆದರೆ, ಗೀರು ಬಿದ್ದರೆ ಯಾರ ಖರ್ಚು? ಮೊದಲೇ ಇರುವ ಗೀರು, ಬಿರುಕುಗಳನ್ನು ಇಬ್ಬರೂ ನೋಡಿ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.
- ಗಾಜಿಗೆ ಸನ್ ಫಿಲ್ಮ್ ಅಂಟಿಸಿದ್ದರೆ ಮೊದಲೇ ಹೇಳಬೇಕು. ಅಮೋನಿಯಾ ಇರುವ ದ್ರಾವಣ, ಬ್ಲೇಡು ತಾಗಿದರೆ ಫಿಲ್ಮ್ ಹಾಳಾಗುತ್ತದೆ.

ಬಹಳ ಕಮ್ಮಿ ರೇಟು ಹೇಳಿದವರು ಎರಡು ತಿಂಗಳು ಬಂದು ಮೂರನೇ ತಿಂಗಳು ಫೋನ್ ಎತ್ತದಿದ್ದರೆ ಆಶ್ಚರ್ಯವಿಲ್ಲ, ಅವರಿಗೆ ಗಿಟ್ಟಿರುವುದಿಲ್ಲ. ವಾರಕ್ಕೊಮ್ಮೆ ಅದೇ ಹೊತ್ತಿಗೆ ತಪ್ಪದೆ ಬರುವ ಒಬ್ಬರಿಗೆ ಸರಿಯಾದ ರೇಟು ಕೊಟ್ಟು ಉಳಿಸಿಕೊಳ್ಳುವುದೇ ಅಂಗಡಿಗೂ ಕಮ್ಮಿ ಖರ್ಚಿನ ದಾರಿ. ಕೆಲಸ ಮಾಡುವವರು ಆರು ತಿಂಗಳಿಗೊಮ್ಮೆ ಪೆಟ್ರೋಲ್, ಸಾಮಾನಿನ ಹೊಸ ಬೆಲೆ ಹಾಕಿ ಗಂಟೆಯ ಲೆಕ್ಕ ಮತ್ತೆ ಮಾಡಬೇಕು. ರೇಟು ಏರಿಸುವುದಿದ್ದರೆ ಒಂದು ತಿಂಗಳು ಮುಂಚೆ ಬಾಯಲ್ಲೇ ತಿಳಿಸಿ, ಪುಸ್ತಕದಲ್ಲೂ ಬರೆದು ತೋರಿಸಬೇಕು.